ಕಿಲ್ಕೆನ್ನಿಯ ಕಡುಗಲಿ ಆಂಜೆಲಾ ಡೌನಿ

ಹದಿನೈದರ ಹರೆಯದಲ್ಲಿ ಅಂತಿಮ ಪಂದ್ಯಕ್ಕಿಳಿದ ಹುಡುಗಿ ಮೈದಾನದಿಂದ ನಿವೃತ್ತಳಾದದ್ದು ಮೂವತ್ತೆಂಟರಲ್ಲಿ. ನಡುವೆ ಹನ್ನೆರಡು ಅಖಿಲ ಐರ್ಲೆಂಡ್ ಪದಕಗಳು, ಸತತ ಏಳು ವರ್ಷಗಳ ವಿಜಯ. ಸಂಬಳವಿಲ್ಲದ, ಜಗತ್ತು ಕಣ್ಣೆತ್ತಿ ನೋಡದಿದ್ದ ಕಮೋಗಿಯೆಂಬ ಆಟವನ್ನು ಕಲೆಯ ಎತ್ತರಕ್ಕೆ ಏರಿಸಿದ ಐರ್ಲೆಂಡಿನ ಆಂಜೆಲಾ ಡೌನಿಯ ಕಥೆ.

1989ರ ಸೆಪ್ಟೆಂಬರ್ ತಿಂಗಳ ಒಂದು ಭಾನುವಾರ. ಡಬ್ಲಿನ್ ನಗರದ ಕ್ರೋಕ್ ಪಾರ್ಕ್ ಕ್ರೀಡಾಂಗಣದಲ್ಲಿ ಕಿಲ್ಕೆನ್ನಿ ಮತ್ತು ಕಾರ್ಕ್ ಪ್ರಾಂತಗಳ ಮಹಿಳೆಯರು ಕಮೋಗಿಯ ಅಖಿಲ ಐರ್ಲೆಂಡ್ ಪ್ರಶಸ್ತಿಗಾಗಿ ಸೆಣಸುತ್ತಿದ್ದರು. ಕಪ್ಪು ಹಳದಿ ಪಟ್ಟೆಗಳ ಅಂಗಿ ತೊಟ್ಟ ಕಿಲ್ಕೆನ್ನಿಯ ಮುನ್ಪಡೆಯ ಆಟಗಾರ್ತಿಯೊಬ್ಬರು ಚೆಂಡನ್ನು ವಶಪಡಿಸಿಕೊಂಡು, ರಕ್ಷಣಾ ಸಾಲನ್ನು ಭೇದಿಸಿ, ಗೋಲಿನ ದಿಕ್ಕಿಗೆ ಧಾವಿಸಿದರು.

ಬೆನ್ನಟ್ಟಿ ಬಂದ ಎದುರಾಳಿಯ ಕೈಗೆ ಸಿಕ್ಕಿದ್ದು ಆಕೆಯ ಸ್ಕರ್ಟು. ಅದು ಕಳಚಿ ಹುಲ್ಲಿನ ಮೇಲೆ ಬಿತ್ತು. ಸಹಸ್ರಾರು ಕಣ್ಣುಗಳ ಎದುರಿನಲ್ಲಿ ಇಂಥದ್ದು ಸಂಭವಿಸಿದಾಗ ಯಾರಾದರೂ ಒಂದು ಕ್ಷಣ ತಡೆದು ನಿಲ್ಲುವುದು ಮನುಷ್ಯ ಸಹಜವಾದ ವರ್ತನೆ. ಆದರೆ ಆಕೆಯ ದೃಷ್ಟಿ ಚೆಂಡಿನಿಂದ ಕದಲಲಿಲ್ಲ, ಪಾದಗಳ ಗತಿ ಕುಂದಲಿಲ್ಲ, ಚೆಂಡು ಗೋಲಿನ ಬಲೆಯನ್ನು ಸೇರುವವರೆಗೆ ಆಕೆ ಹಿಂದಿರುಗಿ ನೋಡಲಿಲ್ಲ. ಗೋಲಾದ ಮೇಲೆ, ಬೇರೊಂದು ಸ್ಕರ್ಟನ್ನು ಧರಿಸಿ ಬಂದು ಆಟ ಮುಂದುವರಿಸಿದರು.

ಆಕೆ ಆಂಜೆಲಾ ಡೌನಿ. ಉಳಿದ ಬಟ್ಟೆಯನ್ನೆಲ್ಲ ಎಳೆದುಹಾಕಿದ್ದರೂ ಮೊದಲು ಗೋಲು ಹೊಡೆದೇ ತೀರುತ್ತಿದ್ದೆ ಎಂಬ ಅರ್ಥದ ಮಾತನ್ನು ಅವರು ಆಮೇಲೆ ಆಡಿದರು. ಆ ದಿನ ಕಿಲ್ಕೆನ್ನಿ ಗೆದ್ದಿತು. ಅದು ಆ ಪ್ರಾಂತಕ್ಕೆ ಸತತ ಐದನೆಯ ವಿಜಯವಾಗಿತ್ತು. ತಂಡದ ನಾಯಕಿಯಾಗಿ, ವಿಜೇತರಿಗೆ ಸಲ್ಲುವ ಓ'ಡಫಿ ಕಪ್ಪನ್ನು ಸ್ವೀಕರಿಸಿದವರು ಆಂಜೆಲಾರ ಅವಳಿ ಸಹೋದರಿ ಆನ್ ಡೌನಿ.

ಮೂವತ್ತಾರು ವರ್ಷಗಳ ಬಳಿಕ ಕಮೋಗಿಯ ಉಡುಗೆ ಐರ್ಲೆಂಡಿನ ಮನೆಮನೆಯ ಮಾತಾಯಿತು. 2025ರ ಮೇ ತಿಂಗಳ ಆರಂಭದಲ್ಲಿ ಕಿಲ್ಕೆನ್ನಿ ಮತ್ತು ಡಬ್ಲಿನ್ ತಂಡಗಳ ಆಟಗಾರ್ತಿಯರು ಕಡ್ಡಾಯವಾದ ಸ್ಕೋರ್ಟನ್ನು, ಎಂದರೆ ಒಳಗೆ ಚಡ್ಡಿಯನ್ನು ಹೊಲಿದ ಸ್ಕರ್ಟನ್ನು ತ್ಯಜಿಸಿ, ಚಡ್ಡಿ ಧರಿಸಿಯೇ ಪಂದ್ಯಕ್ಕೆ ಬಂದರು. ಬದಲಿಸದಿದ್ದರೆ ಪಂದ್ಯ ನಡೆಯದೆಂಬ ಎಚ್ಚರಿಕೆ ಬಂದಾಗ ಮನಸ್ಸಿಲ್ಲದೆ ಉಡುಗೆ ಬದಲಿಸಿ ಆಡಿದರು. ಆ ತಿಂಗಳ 22ರಂದು ಕ್ರೋಕ್ ಪಾರ್ಕಿನಲ್ಲಿ ನೆರೆದ ವಿಶೇಷ ಸಭೆ, ಯಾವುದನ್ನು ಧರಿಸಬೇಕೆಂಬ ಆಯ್ಕೆಯನ್ನು ಶೇಕಡಾ 98ರ ಬಹುಮತದಿಂದ ಆಟಗಾರ್ತಿಯರಿಗೇ ಬಿಟ್ಟುಕೊಟ್ಟಿತು. ಹಿಂದಿನ ವರ್ಷವಷ್ಟೇ ಇಂಥ ಕೋರಿಕೆಗಳು ಮತದಾನದಲ್ಲಿ ಸೋತಿದ್ದವು.

ಈ ಸಂದರ್ಭದಲ್ಲಿ ಆಂಜೆಲಾ ಡೌನಿಯ ಹೆಸರು ಮತ್ತೆ ನೆನಪಾಗುವುದು ಸಹಜ. ಆದರೆ ಕಳಚಿಬಿದ್ದ ವಸ್ತ್ರದ ಪ್ರಸಂಗವೊಂದರಿಂದಲೇ ಅವರನ್ನು ಗುರುತಿಸುವುದು ಆ ಮಹಾ ಆಟಗಾರ್ತಿಗೆ ಸಲ್ಲಿಸುವ ನ್ಯಾಯವಲ್ಲ. ಇಪ್ಪತ್ತಮೂರು ವರ್ಷಗಳಷ್ಟು ದೀರ್ಘವಾದ ಸಾಧನೆಯಲ್ಲಿ ಆ ಗೋಲು ಒಂದು ಕ್ಷಣ ಮಾತ್ರ. ಆ ಕ್ಷಣವನ್ನು ಸಾಧ್ಯವಾಗಿಸಿದ ಏಕಾಗ್ರತೆಯಾದರೋ ಅವರ ಬದುಕಿನುದ್ದಕ್ಕೂ ಹರಿದುಬಂದದ್ದು.

ಆಟದ ಪರಿಚಯ

ಹರ್ಲಿಂಗ್ ಎಂಬುದು ಐರ್ಲೆಂಡಿನ ಪುರಾತನ ಕ್ರೀಡೆ. ಅದರ ಮಹಿಳಾ ರೂಪವೇ ಕಮೋಗಿ. ಕೈಯಲ್ಲಿ ಹರ್ಲಿ ಎಂಬ ಮರದ ಕೋಲು, ಆಡಲು ಸ್ಲಿಟರ್ ಎಂಬ ಚರ್ಮದ ಹೊದಿಕೆಯ ಸಣ್ಣ ಗಟ್ಟಿ ಚೆಂಡು. ನಮ್ಮ ಓದುಗರಿಗೆ ಹಾಕಿ ಪರಿಚಿತವಾಗಿರುವುದರಿಂದ ಇದನ್ನು ಅದರ ಸೋದರಿಯೆಂದು ಭಾವಿಸುವುದು ಸುಲಭವಾದರೂ, ಹಾಕಿಯಲ್ಲಿ ನೆಲವನ್ನು ಬಿಡದೆ ಉರುಳುವುದೇ ಹೆಚ್ಚಾಗಿರುವ ಚೆಂಡು ಇಲ್ಲಿ ಬಹುಪಾಲು ಆಕಾಶದಲ್ಲಿಯೇ ಸಂಚರಿಸುತ್ತದೆ.

ನೆಲದ ಮೇಲಿರುವ ಚೆಂಡನ್ನು ಕೈಯಿಂದ ನೇರವಾಗಿ ಎತ್ತುವಂತಿಲ್ಲ. ಕೋಲಿನ ತುದಿಯಿಂದ ಚಿಮ್ಮಿಸಿಯೇ ಹಿಡಿಯಬೇಕು. ಹಿಡಿದ ಚೆಂಡಿನೊಡನೆ ನಾಲ್ಕು ಹೆಜ್ಜೆಗಳಿಗಿಂತ ಹೆಚ್ಚು ಓಡುವಂತಿಲ್ಲ. ಅದಕ್ಕೂ ಮೀರಿ ಓಡಬೇಕೆಂದರೆ, ಕೋಲಿನ ಅಗಲವಾದ ಅಲಗಿನ ಮೇಲೆ ಚೆಂಡನ್ನು ನಿಲ್ಲಿಸಿಕೊಂಡು, ಅದು ಜಾರದಂತೆ ಮಣಿಕಟ್ಟನ್ನು ಹದವಾಗಿ ಅಲುಗಾಡಿಸುತ್ತ, ಬದಿಯಿಂದ ಬಂದು ಅಡ್ಡಗಟ್ಟುವ ಎದುರಾಳಿಗಳನ್ನು ತಪ್ಪಿಸುತ್ತ, ಪೂರ್ಣವೇಗದಲ್ಲಿ ಓಡಬೇಕು. ಆಂಜೆಲಾ ಡೌನಿಯ ಆಟದ ಪರಮ ಸೌಂದರ್ಯ ಈ ಓಟದಲ್ಲಿಯೇ ಇತ್ತು.

ಹರ್ಲಿಯನ್ನು ಹತ್ತಿರದಿಂದ ನೋಡುವುದು ಉಪಯುಕ್ತ. ಅದನ್ನು ಆ್ಯಶ್ ಮರದ ಬುಡದಿಂದ, ಕಾಂಡವು ಬೇರಿನತ್ತ ತಿರುಗುವ ಎಡೆಯಿಂದಲೇ ಕೊಯ್ಯುತ್ತಾರೆ. ಏಕೆಂದರೆ ಅಲ್ಲಿ ಮರದ ಎಳೆಗಳು ತಾವಾಗಿಯೇ ಬಾಗಿರುತ್ತವೆ, ಕೋಲಿನ ತುದಿಯ ಬಾಗನ್ನು ಅದೇ ಎಳೆಗಳು ಅನುಸರಿಸುವುದರಿಂದ ಪೆಟ್ಟು ಎಷ್ಟು ಬಲವಾಗಿ ಬಿದ್ದರೂ ಅದು ಸುಲಭವಾಗಿ ಸೀಳುವುದಿಲ್ಲ. ನೇರ ಹಲಗೆಯಿಂದ ಕಡೆದ ಕೋಲಾದರೆ ಬಾಗಿನ ಬಳಿಯಲ್ಲಿಯೇ ಮುರಿದುಹೋಗುತ್ತದೆ. ಇಂಥ ಕೋಲುಗಳನ್ನು ಕೆತ್ತುವ ಕುಶಲಕರ್ಮಿಗಳಿಗೆ ಐರ್ಲೆಂಡಿನ ಗ್ರಾಮಗಳಲ್ಲಿ ವಿಶೇಷ ಗೌರವವುಂಟು.

▌ ಕಮೋಗಿ: ಕೆಲವು ಸಂಗತಿಗಳು

• 1904: ಕಮೋಗಿ ಸಂಘಟನೆ ಆರಂಭವಾದ ವರ್ಷ. ಮೊದಲ ಸಾರ್ವಜನಿಕ ಪಂದ್ಯ ನಡೆದದ್ದು ಜುಲೈ ತಿಂಗಳಲ್ಲಿ, ಮೀತ್ ಪ್ರಾಂತದ ನವನ್ ಪಟ್ಟಣದಲ್ಲಿ.

• 1932: ಮೊದಲ ಅಖಿಲ ಐರ್ಲೆಂಡ್ ಚಾಂಪಿಯನ್‌ಷಿಪ್. ವಿಜೇತರು ಡಬ್ಲಿನ್.

• ಅಂಕಗಳು: ಅಡ್ಡಪಟ್ಟಿಯ ಕೆಳಗೆ ಬಲೆ ಸೇರಿದರೆ ಗೋಲು, ಅದಕ್ಕೆ 3 ಪಾಯಿಂಟ್. ಪಟ್ಟಿಯ ಮೇಲಿಂದ ಕಂಬಗಳ ನಡುವೆ ಹಾದರೆ 1 ಪಾಯಿಂಟ್.

• ಎರಡನೆಯ ಪಟ್ಟಿ: 1979ರವರೆಗೆ ಕಂಬಗಳ ಮೇಲ್ಭಾಗದಲ್ಲಿ ಇನ್ನೊಂದು ಅಡ್ಡಪಟ್ಟಿಯಿತ್ತು. ಅದರ ಮೇಲಿಂದ ಹಾರಿದ ಚೆಂಡಿಗೆ ಪಾಯಿಂಟ್ ಸಿಗುತ್ತಿರಲಿಲ್ಲ.

• ತಂಡ: 1999ರ ಪೂರ್ವದಲ್ಲಿ ತಂಡಕ್ಕೆ 12 ಮಂದಿ, ಆಮೇಲೆ 15.

• 2018: ಹರ್ಲಿಂಗ್ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು.

ಬ್ಯಾಲಿರಾಗೆಟ್ಟಿನ ಅವಳಿ ಸೋದರಿಯರು

ಕಿಲ್ಕೆನ್ನಿ ಐರ್ಲೆಂಡಿನ ಆಗ್ನೇಯ ಭಾಗದ ಪ್ರಾಂತ. ನೋರ್ ನದಿ ಅದರ ನಡುವೆ ಹರಿಯುತ್ತದೆ. ಆ ನೆಲದಲ್ಲಿ ಹರ್ಲಿಂಗ್ ಎಂಬುದು ವಿರಾಮದ ವಿನೋದವಷ್ಟೇ ಆಗಿರದೆ, ಊರಿನ ಮಾನ, ಮನೆತನದ ಹೆಮ್ಮೆ, ಭಾನುವಾರದ ಪ್ರಾರ್ಥನೆಯಷ್ಟೇ ನಿಯತವಾದ ನಡವಳಿಕೆ.

ಪ್ರಾಂತದ ಉತ್ತರಕ್ಕಿರುವ ಬ್ಯಾಲಿರಾಗೆಟ್ ಎಂಬ ಊರಿನಲ್ಲಿ 1957ರಲ್ಲಿ ಆಂಜೆಲಾ ಮತ್ತು ಆನ್ ಅವಳಿಗಳಾಗಿ ಜನಿಸಿದರು. ತಂದೆ ಷೆಮ್ ಡೌನಿ ಪ್ರಸಿದ್ಧ ಹರ್ಲಿಂಗ್ ಪಟು. 1947ರಲ್ಲಿ ಅಖಿಲ ಐರ್ಲೆಂಡ್ ಪ್ರಶಸ್ತಿಯನ್ನು ಗೆದ್ದ ಕಿಲ್ಕೆನ್ನಿ ತಂಡದ ಸದಸ್ಯ. ಪದಕವೆಂದರೇನು, ಅದನ್ನು ಪಡೆಯುವುದಕ್ಕೆ ತೆರಬೇಕಾದ ಬೆಲೆಯೇನು ಎಂಬುದನ್ನು ಈ ಹೆಣ್ಣುಮಕ್ಕಳು ಬೇರೆಲ್ಲಿಯೂ ಹೋಗಿ ಕಲಿಯಬೇಕಾಗಿರಲಿಲ್ಲ.

ಅವಳಿಗಳಾದರೂ ಅವರ ಆಟದ ಧರ್ಮ ಬೇರೆಬೇರೆ. ಆನ್ ನಡುಮೈದಾನದಲ್ಲಿ ನಿಂತು ಹೋರಾಡಿ ಚೆಂಡನ್ನು ಗೆಲ್ಲುವವರು. ಆಂಜೆಲಾ ಮುಂದಿನ ಸಾಲಿನಲ್ಲಿದ್ದು ಆ ಚೆಂಡಿಗೆ ಸಾರ್ಥಕ್ಯ ನೀಡುವವರು. ಒಬ್ಬರ ಶ್ರಮಕ್ಕೆ ಮತ್ತೊಬ್ಬರ ಪ್ರತಿಭೆ ಪೂರಕವಾಗಿ ಬೆಳೆದ ಈ ಸಹಯೋಗ ಎರಡು ದಶಕಗಳಿಗೂ ಮಿಕ್ಕಿ ನಡೆಯಿತು, ಕೊನೆಗೆ ಇಬ್ಬರ ಬಳಿಯೂ ಹನ್ನೆರಡು ಹನ್ನೆರಡು ಅಖಿಲ ಐರ್ಲೆಂಡ್ ಪದಕಗಳು ಉಳಿದವು.

ಆಂಜೆಲಾ ಮೊಟ್ಟಮೊದಲು ಅಖಿಲ ಐರ್ಲೆಂಡ್ ಅಂತಿಮ ಪಂದ್ಯವನ್ನಾಡಿದ್ದು 1972ರಲ್ಲಿ. ಆಗ ಅವರ ವಯಸ್ಸು ಹದಿನೈದು. ಎದುರಿಗಿದ್ದದ್ದು 1970ರಿಂದ ಪ್ರತಿವರ್ಷವೂ ಕಪ್ಪನ್ನು ಮನೆಗೊಯ್ಯುತ್ತಿದ್ದ ಕಾರ್ಕ್ ತಂಡ. ಕಿಲ್ಕೆನ್ನಿ ಸೋತಿತು.

ಆ ಸೋಲಿನ ಅರ್ಥವನ್ನು ತಿಳಿಯಬೇಕಾದರೆ ಆ ಕಾಲದ ಕಿಲ್ಕೆನ್ನಿಯ ಸ್ಥಿತಿಯನ್ನು ನೆನೆಯಬೇಕು. ಗಂಡಸರ ಹರ್ಲಿಂಗಿನಲ್ಲಿ ಅಗ್ರಪಂಕ್ತಿಯಲ್ಲಿ ಮೆರೆಯುತ್ತಿದ್ದ ಆ ಪ್ರಾಂತ, ಕಮೋಗಿಯಲ್ಲಿ ಅದುವರೆಗೆ ಒಮ್ಮೆಯೂ ಅಖಿಲ ಐರ್ಲೆಂಡ್ ಪ್ರಶಸ್ತಿಯನ್ನು ಗೆದ್ದಿರಲಿಲ್ಲ. ಡಬ್ಲಿನ್ನಿನ ಮಹಿಳೆಯರು 1957ರಿಂದ 1966ರವರೆಗೆ ಸತತ ಹತ್ತು ಬಾರಿ ಗೆದ್ದಿದ್ದರು. ಕಿಲ್ಕೆನ್ನಿಯ ಪಾಲಿಗೆ ಬರಿಯ ಆಸೆ ಮಾತ್ರವಿತ್ತು.

ಮೊದಲ ಕಿರೀಟದಿಂದ ಸಪ್ತ ವಿಜಯದವರೆಗೆ

1974ರಲ್ಲಿ ಆ ಆಸೆ ಕೈಗೂಡಿತು. ಅಂತಿಮ ಪಂದ್ಯದಲ್ಲಿ ಎದುರಾದದ್ದು ಮತ್ತೆ ಕಾರ್ಕ್. ಮೊದಲ ದಿನ ಪಂದ್ಯ ಸಮವಾಗಿ ಮುಗಿದು, ಮರುಪಂದ್ಯದಲ್ಲಿ ಕಿಲ್ಕೆನ್ನಿ ಗೆದ್ದಿತು. ಪ್ರಾಂತದ ಪ್ರಥಮ ಓ'ಡಫಿ ಕಪ್ಪಿಗಾಗಿ ಹೋರಾಡಿದ ಆ ಗುಂಪಿನಲ್ಲಿ ಹದಿನೇಳರ ಆಂಜೆಲಾ ಇದ್ದರು.

1976ರಲ್ಲಿ ಡಬ್ಲಿನ್ ವಿರುದ್ಧ ದೊರೆತ ಗೆಲುವಿನ ಅಂತರ ಒಂದೇ ಒಂದು ಪಾಯಿಂಟ್. ಕಿಲ್ಕೆನ್ನಿ ಒಂದೂ ಗೋಲಿಲ್ಲದೆ ಆರು ಪಾಯಿಂಟ್ ಗಳಿಸಿದರೆ, ಡಬ್ಲಿನ್ನಿನ ಒಂದು ಗೋಲು ಮತ್ತು ಎರಡು ಪಾಯಿಂಟ್‌ಗಳು ಕೂಡಿ ಐದಾಗಿದ್ದವು. ಮೇಲೊಂದು ಕೆಳಗೊಂದು ಅಡ್ಡಪಟ್ಟಿಯಿದ್ದ ಆ ದಿನಗಳಲ್ಲಿ ಚೆಂಡು ಕಿರಿದಾದ ಕಿಟಕಿಯೊಂದರ ಮೂಲಕವೇ ಹಾಯಬೇಕಾಗಿದ್ದದ್ದರಿಂದ, ಒಂದೊಂದು ಪಾಯಿಂಟೂ ಬೆವರಿನ ಬೆಲೆಗೆ ದೊರೆಯುತ್ತಿತ್ತು.

ಮರುವರ್ಷ, ಇಪ್ಪತ್ತರ ಪ್ರಾಯದಲ್ಲಿ, ಆಂಜೆಲಾ ತಂಡದ ನಾಯಕಿಯಾದರು. ವೆಕ್ಸ್‌ಫರ್ಡ್ ತಂಡವನ್ನು ಸೋಲಿಸಿ ಕಪ್ಪನ್ನು ಮೊದಲ ಬಾರಿಗೆ ತಮ್ಮ ಕೈಯಲ್ಲೆತ್ತಿ ಹಿಡಿದರು. 1981ರಲ್ಲಿ ಕಾರ್ಕ್ ವಿರುದ್ಧ ಇನ್ನೊಂದು ಮರುಪಂದ್ಯ, ಇನ್ನೊಂದು ಗೆಲುವು.

ಅನಂತರದ ಮೂರು ವರ್ಷ ಕಪ್ಪು ಬೇರೆಯವರ ಪಾಲಾಯಿತು. ಇಷ್ಟರಲ್ಲಿ ನಾಲ್ಕು ಪದಕಗಳನ್ನು ಗಳಿಸಿ, ದಶಕಕ್ಕೂ ಮಿಕ್ಕಿ ಆಡಿ, ಇಪ್ಪತ್ತೇಳು ದಾಟಿದ್ದ ಆಟಗಾರ್ತಿ ತೃಪ್ತಿಯಿಂದ ವಿರಮಿಸಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆಗಲೂ ಆಕೆಯ ಹೆಸರು ಆಟದ ಚರಿತ್ರೆಯಲ್ಲಿ ಗೌರವದ ಸ್ಥಾನವನ್ನು ಪಡೆಯುತ್ತಿತ್ತು. ಆದರೆ ಆಂಜೆಲಾ ಡೌನಿಯ ನಿಜವಾದ ವೈಭವ ಆರಂಭವಾದದ್ದೇ ಆ ಬಳಿಕ.

1985ರಲ್ಲಿ ಡಬ್ಲಿನ್. 1986ರಲ್ಲಿ ಪುನಃ ಡಬ್ಲಿನ್. 1987, 1988, 1989ರಲ್ಲಿ ಕಾರ್ಕ್. 1990ರಲ್ಲಿ ವೆಕ್ಸ್‌ಫರ್ಡ್. 1991ರಲ್ಲಿ ಮತ್ತೊಮ್ಮೆ ಕಾರ್ಕ್. ಅಂತಿಮ ಪಂದ್ಯದಲ್ಲಿ ಎದುರಿಗೆ ಬಂದ ತಂಡಗಳೆಲ್ಲ ಸತತ ಏಳು ವರ್ಷ ಕಿಲ್ಕೆನ್ನಿಗೆ ಮಣಿದವು. ಈ ಏಳರಲ್ಲಿ 1988 ಮತ್ತು 1991ರ ತಂಡಗಳಿಗೆ ಆಂಜೆಲಾ ನಾಯಕಿ. 1991ರಲ್ಲಿ ಕಪ್ಪನ್ನು ಸ್ವೀಕರಿಸುವಾಗ ಅವರು ಎಳೆಯ ಮಗುವಿನ ತಾಯಿ.

ಈ ಸಂಗತಿಯನ್ನು ಸುಮ್ಮನೆ ಓದಿ ಮುಂದೆ ಸಾಗಬಾರದು. ವಿವಾಹವಾದೊಡನೆ ಹೆಣ್ಣುಮಕ್ಕಳು ಕೋಲನ್ನು ಅಟ್ಟಕ್ಕೇರಿಸುವುದು ಹಲವು ತಲೆಮಾರುಗಳಿಂದ ರೂಢಿಯಾಗಿ ಬಂದಿದ್ದ ಸಮಾಜದಲ್ಲಿ, ಬಾಣಂತನದ ಬಳಿಕ ಮೈದಾನಕ್ಕೆ ಮರಳಿ, ಎಂದಿನ ವೇಗವನ್ನು ಮತ್ತೆ ಸಾಧಿಸಿ, ಪ್ರಾಂತದ ತಂಡವನ್ನು ಮುನ್ನಡೆಸಿ ಗೆಲ್ಲಿಸುವುದು ಪದಕಗಳ ಲೆಕ್ಕಕ್ಕೆ ದಕ್ಕುವ ಸಾಧನೆಯಲ್ಲ. ಅದನ್ನು ಕಂಡ ಎಷ್ಟೋ ಹುಡುಗಿಯರ ಮನಸ್ಸಿನಲ್ಲಿ ಬದುಕಿನ ಎಲ್ಲೆ ಒಂದಿಷ್ಟು ಹಿಗ್ಗಿರಲೇಬೇಕು.

ಆಕೆಯ ಆಟದ ಬಗೆ

ದೇಹಬಲವನ್ನೇ ನೆಚ್ಚಿದ ಆಟ ಅವರದಾಗಿರಲಿಲ್ಲ. ಹಠಾತ್ತನೆ ಹೆಚ್ಚುವ ವೇಗ, ರಕ್ಷಕಿ ಯಾವ ಬದಿಗೆ ವಾಲುವಳೆಂಬುದನ್ನು ಮೊದಲೇ ಅರಿತು ಇನ್ನೊಂದು ಬದಿಯಿಂದ ನುಸುಳುವ ಚಾತುರ್ಯ, ಎರಡು ಕೈಗಳೂ ಎರಡು ಪಾದಗಳೂ ಒಂದೇ ಚಿತ್ತಕ್ಕೆ ವಿಧೇಯವಾಗಿರುವ ಸಮತೋಲ, ಇವೇ ಅವರ ಆಯುಧಗಳು.

ಕೋಲು ಕೈಯಲ್ಲಿದ್ದರೆ ಕೋಲಿನಿಂದ, ಅದಕ್ಕೆ ಎಡೆಯಿಲ್ಲದಿದ್ದರೆ ಅಂಗೈಯಿಂದ: ಆ ಕಾಲದ ನಿಯಮ ಕೈಯಿಂದ ಬಡಿದ ಗೋಲನ್ನೂ ಮಾನ್ಯ ಮಾಡುತ್ತಿತ್ತು. ಗೋಲಿನ ಸಮೀಪದಲ್ಲಿ ಆಂಜೆಲಾರ ಕೈಗೆ ಚೆಂಡು ಬಂತೆಂದರೆ, ಅವರನ್ನು ತಡೆಯುವುದಕ್ಕೆ ಇಬ್ಬರೋ ಮೂವರೋ ಒಟ್ಟಾಗಿ ಬರಬೇಕಾಗುತ್ತಿತ್ತು. ಹಾಗೆ ಬಂದಾಗ ಇನ್ನೊಂದು ಬದಿಯಲ್ಲಿ ಅವರ ಸಂಗಾತಿಗಳು ನಿರಾತಂಕವಾಗಿ ನಿಂತಿರುತ್ತಿದ್ದರು. ತಾನು ಹೊಡೆಯದ ಗೋಲಿಗೂ ಕಾರಣಳಾಗುವ ಆಟಗಾರ್ತಿಯನ್ನೇ ಶ್ರೇಷ್ಠಳೆಂದು ಕರೆಯುವುದು ಉಚಿತ.

ಪ್ರಾಂತಕ್ಕಾಗಿ ಆಡುವುದರ ಜೊತೆಗೆ ಕ್ಲಬ್ಬಿಗಾಗಿ ಆಡುವುದೂ ಅಲ್ಲಿನ ಕ್ರಮ. ಆಂಜೆಲಾ ಮೊದಲು ಕಿಲ್ಕೆನ್ನಿ ನಗರದ ಸೇಂಟ್ ಪಾಲ್ಸ್ ಕ್ಲಬ್ಬಿಗೂ ಆಮೇಲೆ ಲಿಸ್‌ಡೌನಿ ಕ್ಲಬ್ಬಿಗೂ ಆಡಿ, ಅಖಿಲ ಐರ್ಲೆಂಡ್ ಕ್ಲಬ್ ಪ್ರಶಸ್ತಿಯನ್ನು ಆರು ಬಾರಿ ಗಳಿಸಿದರು.

ಇವೆಲ್ಲವನ್ನೂ ಅವರು ಸಾಧಿಸಿದ್ದು ಒಂದು ಕಾಸಿನ ಪ್ರತಿಫಲವಿಲ್ಲದೆ. ಐರ್ಲೆಂಡಿನ ದೇಶೀಯ ಕ್ರೀಡೆಗಳು ಇಂದಿಗೂ ಹವ್ಯಾಸಿಗಳ ಕ್ರೀಡೆಗಳೇ. ವೃತ್ತಿಯ ದುಡಿಮೆ ಮುಗಿದ ಸಂಜೆ ಅಭ್ಯಾಸ, ಭಾನುವಾರ ಪಂದ್ಯ, ಸೋಮವಾರ ಬೆಳಗ್ಗೆ ಮತ್ತೆ ದುಡಿಮೆ. ಹರ್ಲಿಂಗ್ ಅಂತಿಮ ಪಂದ್ಯಕ್ಕೆ ಭರ್ತಿಯಾಗುತ್ತಿದ್ದ ಕ್ರೋಕ್ ಪಾರ್ಕಿನ ಆಸನಗಳು ಕಮೋಗಿಯ ಅಂತಿಮ ಪಂದ್ಯದಂದು ಬಹುಪಾಲು ಬರಿದಾಗಿರುತ್ತಿದ್ದವು. ಗಂಡಸರ ತಂಡದ ನಾಯಕನನ್ನು ಮಗುವೂ ಗುರುತಿಸುತ್ತಿದ್ದ ನಾಡಿನಲ್ಲಿ ಕಮೋಗಿಯ ವಿಜೇತೆಯರು ಬೀದಿಯಲ್ಲಿ ಅಪರಿಚಿತರಂತೆ ನಡೆದುಹೋಗಬಹುದಾಗಿತ್ತು. ಆ ನಾಡಿನಲ್ಲಿ ಕಮೋಗಿಯನ್ನು ಅನುಸರಿಸದವರಿಗೂ ಪರಿಚಿತವಾದ ಹೆಸರೊಂದಿದ್ದರೆ, ಅದು ಆಂಜೆಲಾ ಡೌನಿಯದು.

▌ ಹನ್ನೆರಡು ಪದಕಗಳು

ಗೆದ್ದ ವರ್ಷಗಳು: 1974, 1976, 1977, 1981, 1985, 1986, 1987, 1988, 1989, 1990, 1991, 1994

ಆಂಜೆಲಾ ನಾಯಕತ್ವ: 1977, 1988, 1991

ಆನ್ ನಾಯಕತ್ವ: 1989, 1994

ಕಮೋಗಿಯ ಸಾರ್ವಕಾಲಿಕ ದಾಖಲೆ: 1942ರಿಂದ 1961ರವರೆಗಿನ ಅವಧಿಯಲ್ಲಿ 15 ಪದಕ ಗಳಿಸಿದ ಡಬ್ಲಿನ್ನಿನ ಕ್ಯಾಥ್ಲೀನ್ ಮಿಲ್ಸ್

ಕಾರ್ಕಿನ ರೆನಾ ಬಕ್ಲಿ: ಕಮೋಗಿಯಲ್ಲಿ 7, ಮಹಿಳಾ ಗೇಲಿಕ್ ಫುಟ್‌ಬಾಲಿನಲ್ಲಿ 11, ಒಟ್ಟು 18 ಪದಕ

ಕೊನೆಯ ಪದಕ, ಮುಂದಿನ ಪೀಳಿಗೆ

1992ರಲ್ಲಿ ಏಳು ವರ್ಷಗಳ ಸರಪಳಿ ತುಂಡಾಯಿತು. ಆ ವರ್ಷವೂ ಮುಂದಿನ ವರ್ಷವೂ ಕಪ್ಪು ಕಾರ್ಕಿಗೆ ಹೋಯಿತು. ಆಂಜೆಲಾ ಆಗಲೂ ಕೋಲನ್ನು ಕೆಳಗಿಡಲಿಲ್ಲ. 1994ರಲ್ಲಿ, ಮೂವತ್ತೇಳರ ವಯಸ್ಸಿನಲ್ಲಿ, ಆನ್ ನಾಯಕತ್ವದ ತಂಡದಲ್ಲಿ ವೆಕ್ಸ್‌ಫರ್ಡ್ ವಿರುದ್ಧ ಗೆದ್ದು ಹನ್ನೆರಡನೆಯ ಪದಕವನ್ನು ಪಡೆದರು. ಅದೇ ವರ್ಷ ಲಿಸ್‌ಡೌನಿ ಕ್ಲಬ್ಬೂ ಅಖಿಲ ಐರ್ಲೆಂಡ್ ಪ್ರಶಸ್ತಿಯನ್ನು ಗೆದ್ದಿತು. 1995ರ ಅಂತಿಮ ಪಂದ್ಯದಲ್ಲಿ ಕಾರ್ಕ್ ಗೆದ್ದಿತು. ಅಲ್ಲಿಗೆ ಆಂಜೆಲಾರ ಪ್ರಾಂತೀಯ ಕ್ರೀಡಾಜೀವನ ಸಮಾಪ್ತವಾಯಿತು. ಸೋಲಿನಿಂದ ತೊಡಗಿದ ಯಾತ್ರೆ ಸೋಲಿನಲ್ಲಿಯೇ ಮುಗಿದರೂ, ಇವೆರಡರ ನಡುವೆ ನಿರ್ಮಾಣವಾದದ್ದು ಒಂದು ಪ್ರಾಂತದ ಸಮಗ್ರ ಕ್ರೀಡಾಪರಂಪರೆ.

ಅವರು ತೊರೆದುಹೋದ ಸ್ಥಾನ ಎಷ್ಟು ದೊಡ್ಡದೆಂಬುದು ತಿಳಿದುಬಂದದ್ದು ಆಮೇಲೆ. ಕಿಲ್ಕೆನ್ನಿ ಮತ್ತೆ ಓ'ಡಫಿ ಕಪ್ಪನ್ನು ಕಾಣುವುದಕ್ಕೆ ಇಪ್ಪತ್ತೆರಡು ವರ್ಷ ಕಾಯಬೇಕಾಯಿತು. 2016ರಲ್ಲಿ ಕಾರ್ಕ್ ತಂಡವನ್ನು ಮಣಿಸಿ ಆ ಬರಗಾಲವನ್ನು ಕೊನೆಗೊಳಿಸಿದ ತಂಡದ ವ್ಯವಸ್ಥಾಪಕಿ ಮತ್ತಾರೂ ಅಲ್ಲ, ಆನ್ ಡೌನಿ. ಆ ದಿನ ಕ್ರೋಕ್ ಪಾರ್ಕಿನಲ್ಲಿ ನೆರೆದ ಪ್ರೇಕ್ಷಕರು ಇಪ್ಪತ್ತು ಸಾವಿರದಷ್ಟು; ಡೌನಿ ಸೋದರಿಯರು ಬರಿದಾದ ಆಸನಗಳ ಎದುರಿಗೆ ಆಡಿದ್ದ ಆಟವೇ ಈಗ ಜನಸಮುದಾಯವನ್ನು ಸೆಳೆಯತೊಡಗಿತ್ತು.

2004ರಲ್ಲಿ ಕಮೋಗಿ ತನ್ನ ಶತಮಾನೋತ್ಸವವನ್ನು ಆಚರಿಸಿದಾಗ, ನೂರು ವರ್ಷಗಳ ಆಟಗಾರ್ತಿಯರೆಲ್ಲರೊಳಗಿಂದ ಹದಿನೈದು ಮಂದಿಯನ್ನು ಆರಿಸಿ ಶತಮಾನದ ತಂಡವನ್ನು ಘೋಷಿಸಲಾಯಿತು. ಅದರ ಮುನ್ಪಡೆಯಲ್ಲಿ ಆಂಜೆಲಾ ಡೌನಿಗೆ ಸ್ಥಾನ ದೊರೆಯಿತು. ವರ್ಷದ ಅತ್ಯುತ್ತಮ ಆಟಗಾರ್ತಿಯರಿಗೆ ಸಲ್ಲುವ ಆಲ್ ಸ್ಟಾರ್ ಪ್ರಶಸ್ತಿ ಕಮೋಗಿಯಲ್ಲಿ ಆರಂಭವಾದದ್ದು ಅದೇ ವರ್ಷ. ಆಂಜೆಲಾ ನಿವೃತ್ತರಾಗಿ ಒಂಬತ್ತು ವರ್ಷಗಳಾಗಿದ್ದವು. ಪ್ರಶಸ್ತಿಗಳು ಹುಟ್ಟುವುದಕ್ಕೆ ಮೊದಲೇ ಅವಕ್ಕೆ ಅರ್ಹರಾಗಿ ಬಾಳಿದವರನ್ನು ಪ್ರಶಸ್ತಿಗಳ ಪಟ್ಟಿಯಿಂದ ಅಳೆಯಲಾಗದು.

ಉಡುಗೆಯ ವಿಷಯದಲ್ಲಿ 2025ರಲ್ಲಿ ಆದ ನಿರ್ಣಯವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಕಮೋಗಿಯ ಆರಂಭದ ದಿನಗಳಲ್ಲಿ ಹೆಂಗಸರು ನೀಳವಾದ ಲಂಗಗಳನ್ನು ತೊಟ್ಟು ಆಡುತ್ತಿದ್ದರು. ಆ ಲಂಗದಿಂದ ಚೆಂಡನ್ನು ತಡೆಯುವುದು ತಪ್ಪೆಂದು ನಿಯಮವನ್ನೇ ಬರೆಯಬೇಕಾಗಿತ್ತು. ಬಳಿಕ ಶಾಲಾ ಬಾಲಿಕೆಯರ ಸಮವಸ್ತ್ರದಂಥ ನಿಲುವಂಗಿ ಬಂತು, ಆಮೇಲೆ ಸ್ಕರ್ಟು, ಆಮೇಲೆ ಸ್ಕೋರ್ಟು. ಆಡುವವರ ಸೌಕರ್ಯವನ್ನು ಆಡುವವರೇ ನಿಶ್ಚಯಿಸುವ ದಿನ ಬರುವುದಕ್ಕೆ ನೂರ ಇಪ್ಪತ್ತೊಂದು ವರ್ಷಗಳು ಬೇಕಾದವು. ಅದನ್ನು ತಡವೆನ್ನದೆ ವಿಧಿಯಿಲ್ಲ. ಬಂದದ್ದು ಒಳ್ಳೆಯದೆನ್ನುವುದರಲ್ಲಿಯೂ ಸಂದೇಹವಿಲ್ಲ.

ಹೆಣ್ಣುಮಕ್ಕಳ ಕ್ರೀಡೆಯನ್ನು ಕುರಿತು ಮಾತು ಬಂದಾಗಲೆಲ್ಲ ನಾವು ಉಡುಗೆಯನ್ನು, ರೂಪವನ್ನು, ವಿವಾಹವನ್ನು ಮೊದಲು ಚರ್ಚಿಸಿ ಆಟವನ್ನು ಕೊನೆಗೆ ನೋಡುತ್ತೇವೆ. ಆಂಜೆಲಾ ಡೌನಿ ತಮ್ಮ ಕಾಲದ ಜನ ಆಟವನ್ನೇ ಮೊದಲು ನೋಡುವಂತೆ ಮಾಡಿದರು, ಅದೂ ವಾದದಿಂದಲ್ಲ, ಆಡಿಯೇ. ಆ ದೃಷ್ಟಿಯಿಂದ ಅವರು ಐರ್ಲೆಂಡಿಗಷ್ಟೇ ಸಲ್ಲುವವರಲ್ಲ. ಎಲ್ಲಿಯ ಹೆಣ್ಣುಮಗಳು ಮೈದಾನಕ್ಕಿಳಿದರೂ ಅವಳ ಹಿರಿಯಕ್ಕನಾಗಿ ನಿಲ್ಲತಕ್ಕವರು.

2025ರ ಅಂತ್ಯದವರೆಗೆ ಕಿಲ್ಕೆನ್ನಿ ಪ್ರಾಂತ ಕಮೋಗಿಯಲ್ಲಿ ಗೆದ್ದಿರುವ ಅಖಿಲ ಐರ್ಲೆಂಡ್ ಪ್ರಶಸ್ತಿಗಳು ಒಟ್ಟು 15. ಅವುಗಳಲ್ಲಿ 12 ಆಂಜೆಲಾ ಡೌನಿ ಆಡಿದ ಕಾಲದವು.